ದೊಡ್ಡಪ್ಪನ ಸಾವು ಮತ್ತು ನನ್ನ ರೈಟ್‌ಕ್ಲಿಕ್

ರಿಮ್‌ವರ್ಲ್ಡ್ ಆಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಡಾಕ್ಟರ್ ಕೆಲಸವನ್ನು ಒಬ್ಬರಿಗೇ ಕೊಟ್ಟು ಕೂರಬೇಡಿ. ನಾನು ಕೊಟ್ಟಿದ್ದೆ, ದೊಡ್ಡಪ್ಪನಿಗೆ.

ನನ್ನ ಕಾಲೋನಿಯ ಏಳು ಜನಕ್ಕೂ ಕಲಬುರಗಿ ಮನೆಯವರ ಹೆಸರೇ. ಒಲೆಯ ಮುಂದೆ ಅತ್ತಿ. ಒಮ್ಮೆ ಆಕೆ ಹಸಿದವರನ್ನು ಬಿಟ್ಟು ಕಲ್ಲು ಹೊರಲು ಹೋದಳು. ಆಟಕ್ಕೇ ಬುದ್ಧಿ ಇಲ್ಲ ಎಂದು ಸಿಟ್ಟಿಗೆದ್ದು, ಯಾರಿಗೆ ಯಾವ ಕೆಲಸ ಎಂದು ಹೇಳುವ ವರ್ಕ್ ಟ್ಯಾಬಿನ ಗುರುತುಗಳನ್ನು ಹೆಚ್ಚುಕಡಿಮೆ ಎಲ್ಲ ಅಳಿಸಿದೆ. ಬೇಕಾದಾಗ ಬೇಕಾದ ಗುರುತು ಹಾಕಿ, ರೈಟ್‌ಕ್ಲಿಕ್ ಮಾಡಿ ಒಬ್ಬೊಬ್ಬರನ್ನೂ ನಾನೇ ಓಡಿಸುವುದು. ಕೊಂಡಾಪುರದ ರೂಮಿನಲ್ಲಿ ಬೆಳಗಿನ ನಾಲ್ಕರವರೆಗೆ ಇದೇ ಕೆಲಸ. ಬೀದರಿನ ರೂಮ್‌ಮೇಟ್ ನೋಡಿ ನೋಡಿ, 'ಎಲ್ಲಾ ನೀನೇ ಮಾಡ್ತಿ ಅಂದ್ರ ಅವ್ರ್ಯಾಕ ಬೇಕು?' ಅಂದ. ನನ್ನ ಹಠಕ್ಕೆ ಅದು ಕೇಳಿಸಲಿಲ್ಲ.

ಆ ಶನಿವಾರ ದೊಡ್ಡಪ್ಪನನ್ನೇ ಬೇಟೆಗೆ ಕಳಿಸಿದೆ. ಗುರಿ ಅವರದೇ ಚೆನ್ನಾಗಿತ್ತು. ಗುಂಡು ತಿಂದ ಮಫಲೋ ಎಂಬ ಪ್ರಾಣಿ ಅವರ ಮೇಲೇ ತಿರುಗಿ ಬಿತ್ತು. ಅದನ್ನು ಕೊಂದು, ರಕ್ತ ಸೋರಿಸುತ್ತ ಬಾಗಿಲ ತನಕ ಬಂದರು. ಅಷ್ಟರಲ್ಲಿ ಆಫೀಸಿನ ಲೀಡ್ ಫೋನು. ಯಾರು ಯಾವ ಟಿಕೆಟ್ ಮೇಲಿದ್ದಾರೆ, ಶೀಟು ಯಾಕೆ ತುಂಬಿಲ್ಲ? ಅರ್ಧ ತಾಸಿಗೊಮ್ಮೆ ಕೇಳುವ ಮನುಷ್ಯ. ಹನ್ನೊಂದು ನಿಮಿಷ ಉತ್ತರ ಕೊಟ್ಟೆ. ಆಟ ನಿಲ್ಲಿಸಲು ಮರೆತಿದ್ದೆ. ಮೂರನೇ ವೇಗದಲ್ಲಿ ಆಟದ ಒಂದು ದಿನಕ್ಕೆ ನಮ್ಮ ಮೂರು ನಿಮಿಷವೂ ಬೇಡ.

ಬಂದು ನೋಡಿದರೆ ನಾಲ್ಕು ದಿನ ಕಳೆದಿತ್ತು. ದೊಡ್ಡಪ್ಪ ಬಾಗಿಲಲ್ಲೇ ಬಿದ್ದಿದ್ದರು. ಎರಡು ಹೆಜ್ಜೆ ಆಚೆ ಔಷಧಿ ರಾಶಿ. ಅತ್ತಿ ಪಕ್ಕದಲ್ಲೇ ಕುದುರೆ ಲಾಳ ಎಸೆದು ಆಡುತ್ತಿದ್ದಳು! ಬೈದೆ, ಜೋರಾಗಿಯೇ. ಆಮೇಲೆ ವರ್ಕ್ ಟ್ಯಾಬ್ ತೆರೆದೆ. ಪೇಷಂಟ್ ಗುರುತೂ ಅಳಿಸಿದ್ದರಿಂದ ಅವರು ತಾವಾಗಿ ಹಾಸಿಗೆಗೆ ಹೋಗಿರಲಿಲ್ಲ. ಬಿದ್ದವರನ್ನು ಎತ್ತುವುದೂ ಡಾಕ್ಟರ್ ಕೆಲಸದಲ್ಲೇ ಸೇರಿದೆ, ಅದು ಬೇರೆ ಯಾರಿಗೂ ಇರಲಿಲ್ಲ. ಹೂಳುವುದು ಹಾಲಿಂಗ್, ಅದನ್ನೂ ನಾನೇ ತೆಗೆದಿದ್ದೆ. ಹೆಣ ಹಾಗೇ ಬಿದ್ದಿತ್ತು.

ಅತ್ತಿ ಕಲ್ಲು ಹೊತ್ತದ್ದರಲ್ಲೂ ತಪ್ಪು ನನ್ನದೇ. ಹಾಲಿಂಗಿಗೆ 1, ಅಡುಗೆಗೆ 2 ಕೊಟ್ಟಿದ್ದೆ. 1 ಮುಗಿಯದೆ 2 ಶುರುವಾಗದು. ಗುಡ್ಡ ಕಡಿಯುವ ಊರಲ್ಲಿ ಕಲ್ಲು ಮುಗಿಯುವುದುಂಟೇ?

ಈಗ ಮತ್ತೆ ಮ್ಯಾನ್ಯುಯಲ್ ಪ್ರಯಾರಿಟಿ ಹಾಕಿ ಬೆಂಕಿ ಆರಿಸುವುದು, ಪೇಷಂಟ್, ಬೆಡ್ ರೆಸ್ಟ್ ಎಲ್ಲರಿಗೂ 1 ಕೊಡುತ್ತೇನೆ. ಡಾಕ್ಟರ್ ಒಬ್ಬರಿಗೆ 1, ಉಳಿದವರಿಗೆ 3. ಅಂಕಿ ಒಂದೇ ಆದರೆ ಎಡಗಡೆಯ ಕೆಲಸ ಮೊದಲು. ಒಲೆಗೆ 'ಇಷ್ಟು ಊಟ ಆಗುವವರೆಗೆ' ಅನ್ನುವ ಬಿಲ್ ಸಾಕು. 2006ರಲ್ಲಿ ಬಂದ ಡ್ವಾರ್ಫ್ ಫೋರ್ಟ್ರೆಸ್ ಆಟದಲ್ಲಿ ಹೀಗೆ ಕೆಲಸ ಹಂಚಲೆಂದೇ ಜನ ಡ್ವಾರ್ಫ್ ಥೆರಪಿಸ್ಟ್ ಎಂಬ ಹೊರಗಿನ ತಂತ್ರಾಂಶ ಬಳಸುತ್ತಿದ್ದರು. ನಮಗೆ ಆಟದಲ್ಲೇ ಇದೆ.

ನಿನ್ನೆ ಮಾತ್ರ ಒಂದು ರೈಟ್‌ಕ್ಲಿಕ್ ಆಯಿತು. ಅಡುಗೆಮನೆ ನೆಲ ತೀರಾ ಗಲೀಜಾಗಿತ್ತು.