ಬೆಳಕಿನ ಅಳತೆ

ನೀಲಿ ಬೆಳಕು ಬಿದ್ದೊಡನೆ ಹಸುರಾಗಿ ಹೊಳೆಯುವ ಪ್ರೋಟೀನೊಂದು ಜೆಲ್ಲಿ ಮೀನಿನಲ್ಲಿದೆ. ಜಪಾನಿನ ವಿಜ್ಞಾನಿ ಒಸಾಮು ಶಿಮೊಮುರಾ ಮತ್ತು ಅವರ ಸಂಗಡಿಗರು 1962ರಲ್ಲಿ ಇದನ್ನು ತಿಳಿಯಪಡಿಸಿದರು. ಹೀಗೆ ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇಂದು ಜೀವವಿಜ್ಞಾನಿಗಳು ಈ ಪ್ರೋಟೀನನ್ನು ಜೀವಕೋಶದೊಳಗೆ ಗುರುತಾಗಿ ಇರಿಸಿ, ಸೂಕ್ಷ್ಮದರ್ಶಕದ ಮೂಲಕ ಚಿತ್ರ ತೆಗೆದು, ಹೊಳಪಿನಿಂದ ಅದರ ಪ್ರಮಾಣವನ್ನು ಗಣಿಸುತ್ತಾರೆ.

ತೊಡಕಿರುವುದು ಇಲ್ಲಿಯೇ. ಚಿತ್ರದ ಪ್ರತಿಯೊಂದು ಚುಕ್ಕೆಯೂ ಒಂದು ಸಂಖ್ಯೆ. 8 ಬಿಟ್‌ಗಳ ಚಿತ್ರದಲ್ಲಿ 0 ಎಂದರೆ ಕಡುಗಪ್ಪು, 255 ಎಂದರೆ ಹೊಳಪಿನ ಪರಮಾವಧಿ. ಒಂದು ಕೋಶದ ಹೊಳಪು 300ಕ್ಕೂ ಇನ್ನೊಂದರದು 600ಕ್ಕೂ ಸಲ್ಲುವಂತಿದ್ದರೂ ಎರಡೂ 255 ಎಂದೇ ದಾಖಲಾಗುತ್ತವೆ. ತುಂಬಿದ ಸೇರಿನಿಂದ ಚೆಲ್ಲಿದ ಅಕ್ಕಿ ಎಷ್ಟೆಂದು ಸೇರು ಹೇಳಬಲ್ಲುದೆ? ಇಮ್ಮಡಿ ವ್ಯತ್ಯಾಸವೇ ಅಳಿಸಿಹೋಯಿತು. ಯಾವ ಗಣಕಯಂತ್ರವೂ ಆ ಚಿತ್ರದಿಂದ ಅದನ್ನು ಮರಳಿ ಪಡೆಯಲಾರದು.

ಆದುದರಿಂದ ಬಲ್ಲವರು ಕ್ಯಾಮರಾ ಬೆಳಕನ್ನು ಹಿಡಿಯುವ ಕಾಲವನ್ನು ಕಡಮೆ ಮಾಡಿ, ಅತಿ ಹೊಳಪಿನ ಚುಕ್ಕೆಯೂ ಮಿತಿಯೊಳಗೇ ಇರುವಂತೆ ನೋಡಿಕೊಳ್ಳುತ್ತಾರೆ. ಚಿತ್ರವು ತುಸು ಮಂಕಾಗಿ ಕಂಡೀತು. ಹೊಸಬರಿಗೆ ಅದು ರುಚಿಸದು. ಹೋಲಿಸಬೇಕಾದ ಕೋಶಗಳಿಗೆಲ್ಲ ಅದೇ ಕಾಲ, ಅದೇ ದೀಪದ ಬಲ. ಕೋಶವಿಲ್ಲದೆಡೆಯ ಹಿನ್ನೆಲೆಯ ಬೆಳಕನ್ನೂ ಅಳೆದು ಕಳೆಯುತ್ತಾರೆ. ಬೆಳಕಿಗೆ ಒಡ್ಡಿದಷ್ಟೂ ಪ್ರೋಟೀನಿನ ಹೊಳಪು ಕುಂದುವುದರಿಂದ, ಸುಮ್ಮನೆ ನೋಡುತ್ತ ಕುಳಿತರೂ ಅಳತೆ ಕೆಡುತ್ತದೆ. ಅದಕ್ಕೆಂದೇ ಅವರು ಪಕ್ಕದ ಕೋಶವೊಂದರ ಮೇಲೆ ಸೂಕ್ಷ್ಮದರ್ಶಕವನ್ನು ಹೊಂದಿಸಿಕೊಂಡು, ಅಳೆಯಬೇಕಾದ ಕೋಶದತ್ತ ಆಮೇಲೆ ಸರಿಯುತ್ತಾರೆ.