ಡಬ್ಬಿ ತೆರೆದು ನೋಡಿ ದುಡ್ಡು ಕೊಡು

ಪುಟ್ಟಿ,

ಆರು ತಿಂಗಳು ಸಂಬಳದಲ್ಲಿ ಉಳಿಸಿ ಪಿಎಸ್5 ತಗೊಂಡೆ ಅಂತ ನೀನು ಫೋನ್ ಮಾಡಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅದರ ಬೆನ್ನಿಗೇ ಕೇಳಿದೆ: "ಚಿಕ್ಕಪ್ಪಾ, ಗೇಮ್ ಹೊಸದೇ ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಸಾಕಾ?" ಪಿಎಸ್5 ಬಂದಾಗಲೇ ದೊಡ್ಡ ಗೇಮುಗಳಿಗೆ 4,999 ರೂಪಾಯಿ ಬೆಲೆ ಇಟ್ಟಿದ್ದರು. ಪಿಜಿ ಬಾಡಿಗೆ ಕಟ್ಟಿ, ಮನೆಗೆ ಕಳಿಸಿ, ಉಳಿದದ್ದರಲ್ಲಿ ಇಷ್ಟು ತೆಗೆಯುವ ಮುಂಚೆ ಯೋಚಿಸಬೇಕಾದ್ದೇ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಕೂತು ಬರೆದಿದ್ದೇನೆ, ಅಂಗಡಿಗೆ ಹೋಗುವ ಮುನ್ನ ಒಮ್ಮೆ ಓದಿಕೋ.

• ನಿನ್ನದು ಡಿಸ್ಕ್ ಹಾಕುವ ಪಿಎಸ್5 ಅಂದೆಯಲ್ಲ, ಒಳ್ಳೆಯದಾಯಿತು. ಡಿಜಿಟಲ್ ಎಡಿಷನ್ ಆಗಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡಿಸ್ಕ್ ಹಾಕಲು ಜಾಗವಿಲ್ಲ. ಕಂಪ್ಯೂಟರಿನಲ್ಲಿ ಸ್ಟೀಮ್‌ನಿಂದ ಕೊಂಡದ್ದೂ ಅಷ್ಟೇ, ಅಕೌಂಟಿಗೆ ಅಂಟಿಕೊಂಡಿರುತ್ತದೆ; ಮಾರುವಂತಿಲ್ಲ, ಗೆಳತಿಗೆ ಕೊಟ್ಟುಬಿಡುವಂತೆಯೂ ಇಲ್ಲ. ಇನ್ನೊಂದು ಸಂಗತಿ: ಪಿಎಸ್4ರ ಡಿಸ್ಕುಗಳು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ನಿನ್ನ ಪಿಎಸ್5ರಲ್ಲೂ ನಡೆಯುತ್ತವೆ. 2013ರಿಂದ ಬಂದ ಅಷ್ಟೂ ಗೇಮುಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬಿದ್ದಿವೆ. ಮೊದಲ ವರ್ಷ ಅವನ್ನೇ ಹುಡುಕು.

• ಬೆಲೆ ಕೇಳುವ ಮೊದಲು ಕೇಳಬೇಕಾದ್ದು, ಡಿಸ್ಕಿನೊಳಗೆ ಏನಿದೆ ಅಂತ. ತೊಂಬತ್ತರ ದಶಕದಲ್ಲಿ ನಾನೂ ನಿಮ್ಮಪ್ಪನೂ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮಿಗೆ ಕ್ಯಾಸೆಟ್ ಬರುತ್ತಿತ್ತು. ಮೇಲೆ "9999 ಇನ್ 1" ಅಂತ ದೊಡ್ಡದಾಗಿ ಬರೆದಿರುತ್ತಿದ್ದರು. ಒಳಗೆ ನೋಡಿದರೆ ಐದಾರು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಎರಡು ತಿಂಗಳು ಕೂಡಿಟ್ಟ ದುಡ್ಡು ಅದಕ್ಕೆ ಹೋದಾಗ ನಿಮ್ಮಪ್ಪ ಎರಡು ದಿನ ಮಾತಾಡಿರಲಿಲ್ಲ. ಇಂದಿನ ಡಿಸ್ಕಿನಲ್ಲೂ ಇಂಥ ಅಪಾಯವಿದೆ. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು 100 ಎಂಬಿಗೂ ಕಡಿಮೆ. ಉಳಿದದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳಬೇಕು. ಪಿಜಿಯ ವೈಫೈಯಲ್ಲಿ ಅದು ಎಷ್ಟು ರಾತ್ರಿ ಹಿಡಿಯುತ್ತದೋ ನೀನೇ ಲೆಕ್ಕ ಹಾಕು.

• ಅದಕ್ಕಿಂತ ಕಷ್ಟದ್ದು ಸರ್ವರ್ ಇಲ್ಲದೆ ನಡೆಯದ ಗೇಮುಗಳು. ಯೂಬಿಸಾಫ್ಟ್‌ನ ದ ಕ್ರೂ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅವತ್ತಿನಿಂದ ಒಂಟಿಯಾಗಿ ಆಡುತ್ತೇನೆಂದರೂ ಆ ಡಿಸ್ಕ್ ತೆರೆಯುವುದಿಲ್ಲ. ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಮುಚ್ಚಿಹೋಯಿತು. ಹೊಸದಾಗಿ ಕೊಂಡವರಿಗೆ ದುಡ್ಡು ಹಿಂತಿರುಗಿಸುವ ಏರ್ಪಾಡಾಯಿತು. ಬಿಲ್ಲಿಲ್ಲದ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗುತ್ತೀ? ಡಬ್ಬಿಯ ಹಿಂಬದಿ ಸಣ್ಣಕ್ಷರದಲ್ಲಿ ಇಂಟರ್‌ನೆಟ್ ಕಡ್ಡಾಯ ಅಂತ ಬರೆದಿದೆಯಾ ಓದು. ಬರೆದಿದ್ದರೆ ಹಳೆಯದನ್ನು ಕೊಳ್ಳಬೇಡ. ಗಾಡ್ ಆಫ್ ವಾರ್, ಸ್ಪೈಡರ್ ಮ್ಯಾನ್‌ನಂಥ ಒಬ್ಬರೇ ಆಡುವ ಕಥೆಯ ಗೇಮುಗಳಿಗೆ ಈ ತಾಪತ್ರಯವಿಲ್ಲ. ಅವನ್ನು ಕಣ್ಣು ಮುಚ್ಚಿ ಸೆಕೆಂಡ್ ಹ್ಯಾಂಡ್ ತಗೋ.

• ಕಣ್ಣು ಮುಚ್ಚಿ ಅಂದದ್ದು ಗೇಮಿನ ಆಯ್ಕೆಗೆ, ಡಿಸ್ಕಿಗಲ್ಲ. ಡಿಸ್ಕನ್ನು ಹೊರಗೆ ತೆಗೆದು, ಅಂಚು ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿಸಿ ನೋಡು. ಪಿಎಸ್4, ಪಿಎಸ್5ರವು ಬ್ಲೂ-ರೇ ಡಿಸ್ಕುಗಳು. ಇವುಗಳಲ್ಲಿ ಗೇಮ್ ಬರೆದಿರುವ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಡಿವಿಡಿಯಲ್ಲಾದರೆ 0.6, ಸಿಡಿಯಲ್ಲಿ ಸುಮಾರು 1.2. ಅಷ್ಟು ತೆಳುವಾದ್ದರಿಂದಲೇ ಬ್ಲೂ-ರೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಆಳವಾಗಿ ಬಿದ್ದರೆ ಮುಗಿಯಿತು. ಕೂದಲೆಳೆಯಂಥ ಗೀರು ಇದ್ದರೆ ಚಿಂತೆಯಿಲ್ಲ. ಉಗುರಿಗೆ ತಡೆದರೆ ವಾಪಸ್ ಕೊಟ್ಟುಬಿಡು. "ಪಾಲಿಶ್ ಹೊಡೆಸಿಕೊಡ್ತೀನಿ ಮೇಡಂ" ಅಂದರೆ ಒಪ್ಪಬೇಡ. ಡಿವಿಡಿಯಲ್ಲಿ ಉಜ್ಜಲು ದಪ್ಪವಿರುತ್ತದೆ, ಬ್ಲೂ-ರೇಯಲ್ಲಿ ಉಜ್ಜಿದರೆ ಲೇಪವೇ ಹೋಗುತ್ತದೆ.

ಮುಂದೆ ಯಾವತ್ತಾದರೂ ಹಳೆಯ ಮೊದಲ ಪ್ಲೇಸ್ಟೇಷನ್ನಿನ ಸಿಡಿ ಕೊಂಡರೆ ಚಿತ್ರವಿರುವ ಮೇಲ್ಬದಿಯನ್ನೇ ಹೆಚ್ಚು ಪರೀಕ್ಷಿಸು. ಸಿಡಿಯಲ್ಲಿ ಬರಹದ ಪದರ ಆ ಚಿತ್ರದ ಕೆಳಗೇ ಇದೆ. ಅಲ್ಲಿ ಕೆರೆದಿದ್ದರೆ ಯಾವ ರಿಪೇರಿಯೂ ಇಲ್ಲ.

• ಡಿಸ್ಕ್ ಎಷ್ಟು ಅಂತ ಎಣಿಸು. ರೆಡ್ ಡೆಡ್ ರಿಡೆಂಪ್ಷನ್ 2ರ ಪಿಎಸ್4 ಡಬ್ಬಿಯಲ್ಲಿ ಎರಡು ಡಿಸ್ಕ್ ಇರುತ್ತವೆ: ಒಂದು ಗೇಮನ್ನು ತುಂಬಿಸಿಕೊಳ್ಳಲು, ಇನ್ನೊಂದು ಆಡಲು. ನಾನು ಅದನ್ನು ಒಬ್ಬ ಹುಡುಗನಿಂದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕೊಂಡೆ. ಮಳೆ ಬರುವ ಹಾಗಿತ್ತು, ಡಬ್ಬಿ ತೆರೆದೆ, ಡಿಸ್ಕ್ ಹೊಳೆಯುತ್ತಿತ್ತು, ದುಡ್ಡು ಕೊಟ್ಟೆ. ಮನೆಗೆ ಬಂದು ನೋಡಿದರೆ ಆಡುವ ಡಿಸ್ಕ್ ಮಾತ್ರ ಇದೆ, ತುಂಬಿಸುವ ಡಿಸ್ಕ್ ಇಲ್ಲ. ಅವನ ನಂಬರ್ ಸ್ವಿಚ್ ಆಫ್. ಮೋಸ ಮಾಡಿದನೋ, ಅವನಿಗೂ ಗೊತ್ತಿರಲಿಲ್ಲವೋ ಇವತ್ತಿಗೂ ಹೇಳಲಾರೆ. ಆ ಡಬ್ಬಿ ನನ್ನ ಕಪಾಟಿನಲ್ಲಿ ಹಾಗೇ ಇದೆ.

• ಡಬ್ಬಿಯೊಳಗಿನ ಚೀಟಿಯ ಕೋಡುಗಳಿಗೆ ಬೆಲೆ ಕಟ್ಟಬೇಡ. ಒಮ್ಮೆ ಬಳಸಿದರೆ ಮುಗಿಯಿತು. "ಕೋಡ್ ಹಾಗೇ ಇದೆ" ಅನ್ನುವ ಮಾತಿಗೆ ಹೆಚ್ಚುವರಿ ದುಡ್ಡು ಕೊಡುವುದು ಬೇಡ.

• ಹೊರದೇಶದಿಂದ ಬಂದ ಡಿಸ್ಕ್ ಪಿಎಸ್5ರಲ್ಲಿ ಓಡುತ್ತದೆ, ನಿಜ. ಆದರೆ ಆ ಗೇಮಿಗೆ ಆಮೇಲೆ ಬರುವ ಹೆಚ್ಚಿನ ಅಧ್ಯಾಯಗಳನ್ನು ಭಾರತದ ಅಕೌಂಟಿನಿಂದ ಕೊಂಡರೆ ಹೊಂದದೆ ಹೋಗಬಹುದು. ಅದಕ್ಕೆ ಎಲ್ಲವನ್ನೂ ಸೇರಿಸಿ ತಂದ ಪೂರ್ಣ ಆವೃತ್ತಿ ಸಿಗುತ್ತದಾ ನೋಡು. ದ ವಿಚರ್ 3 ಹಾಗೆ 2016ರಲ್ಲಿ ಎರಡೂ ದೊಡ್ಡ ಸೇರ್ಪಡೆಗಳೊಂದಿಗೆ ಒಂದೇ ಡಬ್ಬಿಯಲ್ಲಿ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಅಂಥದ್ದೇ ಲಾಭ.

• ಬಿಡುಗಡೆಯ ದಿನವೇ ಬೇಕು ಅನ್ನುವ ಆಸೆ ನನಗೂ ಗೊತ್ತು. ಆದರೂ ತಡೆದುಕೋ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಪಿಎಸ್4ರಲ್ಲಿ ಅದು ಎಷ್ಟು ಕೆಟ್ಟದಾಗಿ ನಡೆಯಿತೆಂದರೆ ಒಂದು ವಾರದಲ್ಲೇ ಸೋನಿ ತನ್ನ ಅಂಗಡಿಯಿಂದ ತೆಗೆದುಹಾಕಿ ದುಡ್ಡು ವಾಪಸ್ ಕೊಡಲು ಒಪ್ಪಿತು. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಬೇಯದ ಅನ್ನ. ಕಾದವರಿಗೆ ಅದೇ ಗೇಮ್ ಸರಿಯಾಗಿ ಸಿಕ್ಕಿತು, ಬೆಲೆಯೂ ಇಳಿದಿತ್ತು. ಹಳೆಯ ಡಿಸ್ಕಿನಲ್ಲಿ ಇರುವುದು ಹಳೆಯ ರೂಪವೇ, ಹಾಕಿದ ಮೇಲೆ ಅಪ್‌ಡೇಟ್ ಇಳಿಸಿಕೊಳ್ಳುವುದನ್ನು ಮರೆಯಬೇಡ.

• ಫುಟ್‌ಬಾಲ್ ಗೇಮುಗಳು ವರ್ಷ ವರ್ಷ ಹೊಸದಾಗಿ ಬರುತ್ತವೆ, ಹೋದ ವರ್ಷದ್ದರ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಮನೆಯಲ್ಲಿ ತಮ್ಮನ ಜೊತೆ ಆಡಲು ಅದು ಧಾರಾಳ ಸಾಕು. ಆನ್‌ಲೈನ್ ಆಡುವುದಾದರೆ ಆ ವರ್ಷದ್ದೇ ಬೇಕು.

• ಹಾಗಾದರೆ ಹೊಸದನ್ನು ಯಾವಾಗ ಕೊಳ್ಳಬೇಕು? ಇದನ್ನು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಂಡಾಗ ನೀನು ಕೊಟ್ಟ ದುಡ್ಡಿನಲ್ಲಿ ಒಂದು ಪೈಸೆಯೂ ಗೇಮ್ ಮಾಡಿದವರಿಗೆ ತಲುಪುವುದಿಲ್ಲ. ಲಕ್ಷಗಟ್ಟಲೆ ಪ್ರತಿ ಮಾರುವ ದೊಡ್ಡ ಕಂಪನಿಗೆ ನಿನ್ನೊಬ್ಬಳ ದುಡ್ಡು ಬಾರದಿದ್ದರೆ ತಡೆದೀತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ 'ರಾಜಿ' ತಂದರು, ನಮ್ಮ ಪುರಾಣದ ಲೋಕದಲ್ಲಿ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಅಂಥ ಸಣ್ಣ ತಂಡ ಮುಂದಿನ ಗೇಮ್ ಮಾಡುತ್ತದೋ ಇಲ್ಲವೋ ಅನ್ನುವುದು ಹೊಸ ಪ್ರತಿ ಎಷ್ಟು ಹೋಯಿತು ಅನ್ನುವುದರ ಮೇಲೆ ನಿಂತಿರುತ್ತದೆ. ಅವರದ್ದನ್ನು ಹೊಸದಾಗಿಯೇ ಕೊಳ್ಳು, ಚೌಕಾಸಿಯನ್ನೂ ಮಾಡಬೇಡ.

ಬೆಂಗಳೂರಿನಲ್ಲೇ 1997ರಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ಬಗ್ಗೆ ನಿನಗೆ ಗೊತ್ತಿರಲಿಕ್ಕಿಲ್ಲ. ಈ ದೇಶದಲ್ಲಿ ಗೇಮ್ ಮಾಡುವುದೂ ಒಂದು ಉದ್ಯೋಗ ಅಂತ ಯಾರೂ ನಂಬದಿದ್ದ ಕಾಲ ಅದು. ಹೊರದೇಶದ ದೊಡ್ಡ ಗೇಮುಗಳಿಗೆ ಕಾರು, ಕಟ್ಟಡ, ಗಿಡಮರ ರೂಪಿಸಿಕೊಡುತ್ತಾ ಬೆಳೆದ ಆ ಸ್ಟುಡಿಯೋವನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಗೇಮ್ ಮುಗಿದ ಮೇಲೆ ಹೆಸರುಗಳು ಉರುಳುತ್ತವಲ್ಲ, ಬಟನ್ ಒತ್ತಿ ದಾಟಿಸಬೇಡ. ನಮ್ಮ ಕಡೆಯ ಹೆಸರುಗಳು ಅಲ್ಲಿ ಕಾಣಸಿಗುತ್ತವೆ.

• ನಿನ್ನ ರೂಮ್‌ಮೇಟ್ ನಿಂಟೆಂಡೊ ಸ್ವಿಚ್ ತಗೊಳ್ಳುವ ಯೋಚನೆಯಲ್ಲಿದ್ದಾಳೆ ಅಂದೆ. ಅದರ ಕಾರ್ಟ್ರಿಜ್‌ಗೆ ಗೀರಿನ ಭಯವಿಲ್ಲ, ಸೆಕೆಂಡ್ ಹ್ಯಾಂಡ್‌ಗೆ ಹೇಳಿ ಮಾಡಿಸಿದ್ದು. ಆದರೆ ನಿಂಟೆಂಡೊದವರ ಸ್ವಂತ ಗೇಮುಗಳ ಬೆಲೆ ಬೇಗ ಇಳಿಯುವುದಿಲ್ಲ, ಹಾಗಾಗಿ ಹಳೆಯದಕ್ಕೂ ಹೊಸದಕ್ಕೂ ಅಂತರ ಕಡಿಮೆ. 2025ರ ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆ; ಅದರಲ್ಲಿ ಬೀಗದ ಕೈ ಮಾತ್ರ, ಗೇಮನ್ನು ಇಳಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಬರೆದಿರುತ್ತಾರೆ, ನೋಡಲು ಹೇಳು. ಇನ್ನು, ಓಡದಿದ್ದರೆ ಬಾಯಿಂದ ಊದಬೇಡಿ. ನಾವು ಊದಿ ಊದಿಯೇ ಎಷ್ಟೋ ಕ್ಯಾಸೆಟ್ ಹಾಳು ಮಾಡಿದೆವು. ಉಸಿರಿನ ತೇವಕ್ಕೆ ಲೋಹದ ಹಲ್ಲುಗಳು ಕಿಲುಬು ಹಿಡಿಯುತ್ತವೆ.

• ಅಪರಿಚಿತರಿಂದ ಕೊಳ್ಳುವಾಗ ಹಗಲು ಹೊತ್ತು, ಮೆಟ್ರೋ ಸ್ಟೇಷನ್ನಿನಂಥ ಜನ ಇರುವ ಜಾಗ. ಒಬ್ಬಳೇ ಯಾರ ಮನೆಗೂ ಹೋಗಬೇಡ. ಅಡ್ವಾನ್ಸ್ ಕಳಿಸಬೇಡ. ನೀನು ಮಾರುವಾಗ "ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಮಾತು ಅಲ್ಲಿಗೇ ನಿಲ್ಲಿಸು. ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಅಂಗಡಿಯಲ್ಲಾದರೆ ಹಾಕಿ ತೋರಿಸಿ ಅಂತ ಕೇಳು, ಸಂಕೋಚ ಬೇಡ. ಬೆಲೆಗೆ ನನ್ನದೊಂದು ಲೆಕ್ಕ ಇದೆ: ಹೊಸದರ ಇಂದಿನ ಬೆಲೆಯ ಮುಕ್ಕಾಲು ಪಾಲು ದಾಟಿದರೆ ಹಳೆಯದು ಬೇಡ, ಹೊಸದನ್ನೇ ತಗೋ. ಇಂದಿನ ಬೆಲೆ ಅಂದರೆ ಡಬ್ಬಿಯ ಮೇಲಿನದಲ್ಲ, ಈ ವಾರ ಅಂಗಡಿಯಲ್ಲಿ ಹೊಸದು ಎಷ್ಟಕ್ಕೆ ಸಿಗುತ್ತಿದೆಯೋ ಅದು.

• ಆಡಿ ಮುಗಿಸಿದ್ದನ್ನು ಬೇಗ ದಾಟಿಸು. ತಿಂಗಳು ಕಳೆದಂತೆ ಬೆಲೆ ಬೀಳುತ್ತದೆ. ಹೀಗೆ ಮಾರುವ ಹಕ್ಕೂ ಒಮ್ಮೆ ಕೈ ತಪ್ಪುವುದರಲ್ಲಿತ್ತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಹಳೆಯ ಡಿಸ್ಕ್ ಮಾರುವುದಕ್ಕೂ ಎರವಲು ಕೊಡುವುದಕ್ಕೂ ಕಟ್ಟುಪಾಡು ಹಾಕಲು ಮೈಕ್ರೋಸಾಫ್ಟ್ ಹೊರಟಿತ್ತು. ಆಡುವವರು ಎಷ್ಟು ಗಟ್ಟಿಯಾಗಿ ವಿರೋಧಿಸಿದರೆಂದರೆ ಜೂನ್ 19ಕ್ಕೆ ಅದನ್ನು ಕೈಬಿಡಬೇಕಾಯಿತು. ಅದಕ್ಕೇ ನಾನು ಡಿಸ್ಕಿನ ಪರ.

• ಗೋಸ್ಟ್ ಆಫ್ ತ್ಸುಶಿಮಾ ಕೊಳ್ಳಬೇಡ, ನನ್ನ ಹತ್ತಿರ ಪಿಎಸ್4ರ ಡಿಸ್ಕ್ ಇದೆ. ದಸರೆಗೆ ಬಂದಾಗ ತಗೊಂಡು ಹೋಗು. ಮುಗಿದ ಮೇಲೆ ವಾಪಸ್ ತರಬೇಡ, ನಿನ್ನ ತಮ್ಮನಿಗೆ ಕೊಡು.