ಬೂತಾಯಿ ಬಾರದ ವರ್ಷಕ್ಕೆ ಸಂಘದ ತಯಾರಿ



ಹವಾಮಾನ ಬದಲಾವಣೆ, ಮೀನುಗಾರಿಕೆ ಅಂತ ಸಭೆಯಲ್ಲಿ ವಿಷಯ ತೆಗೆದ ಕೂಡಲೇ "ಅದು ಬೋಟಿನವರ ವಿಷಯ, ನಮಗ್ಯಾಕೆ ಸಿಸ್ಟರ್?" ಎಂದು ಕೇಳುವವರಿದ್ದಾರೆ. ಆದರೆ ಕಡಲಲ್ಲಿ ಮೀನು ಕಡಿಮೆಯಾದ ಬಿಸಿ ಬೇಗ ತಟ್ಟುವುದು ದಕ್ಕೆಯ ಏಲಂನಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿಗೆ. ಬುಟ್ಟಿ ಅರ್ಧವಾಯಿತೆಂದು ರಿಕ್ಷಾ ಬಾಡಿಗೆ ಅರ್ಧವಾಗುವುದಿಲ್ಲ. ಸಂಘದ ಕಂತು ನಿಲ್ಲುವುದಿಲ್ಲ. ಕಂತು ಕಟ್ಟಲು ಕಿವಿಯ ಓಲೆ ಅಡವಿಡುವುದು ಇಲ್ಲಿಂದಲೇ ಶುರು. ಹಾಗಾಗಿ ಈ ಸಲದ ಪಾಠಕ್ಕೆ ಬೂತಾಯಿಯನ್ನೇ ತೆಗೆದುಕೊಂಡಿದ್ದೇವೆ. (ಉತ್ತರ ಕನ್ನಡದ ಸದಸ್ಯೆಯರು ತಾರ್ಲೆ ಅಂತ ಓದಿಕೊಳ್ಳಿ.)

ಸಮುದ್ರದಲ್ಲಿ ಏನಾಗುತ್ತಿದೆ?

ಬೂತಾಯಿಯ ಊಟ ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಸಸ್ಯಗಳು. ಅವು ಬೆಳೆಯಲು ಬೇಕಾದ ಸತ್ವ ಆಳದ ತಣ್ಣನೆಯ ನೀರಿನಲ್ಲಿದೆ, ಗಂಜಿ ಪಾತ್ರೆಯ ತಳದಲ್ಲಿ ಅನ್ನ ಕೂತ ಹಾಗೆ. ಮಳೆಗಾಲದ ಗಾಳಿ ಸೌಟು ಹಾಕಿ ಕದಡಿದಂತೆ ಅದನ್ನು ಮೇಲೆ ತರುತ್ತದೆ. ಈಗ ಬಚ್ಚಲಿನ ಹಂಡೆಯನ್ನು ನೆನಪಿಸಿಕೊಳ್ಳಿ. ಒಲೆ ಆರಿದ ಮೇಲೆ ಬಿಸಿ ನೀರು ಮೇಲೆಯೇ ನಿಲ್ಲುತ್ತದೆ, ಕದಡದೆ ಕೆಳಗಿನ ನೀರಿನ ಜೊತೆ ಸೇರುವುದಿಲ್ಲ. ಕಡಲಿನ ಮೇಲ್ಭಾಗ ಬಿಸಿಯಾದಷ್ಟೂ ಹೀಗೆ ಕದಡುವುದು ಕಷ್ಟ. ನಮ್ಮ ಹಿಂದೂ ಮಹಾಸಾಗರದ ಮೇಲ್ಮೈ 1950ರಿಂದೀಚೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗಿದೆ. ಒಂದು ಡಿಗ್ರಿ ಏನು ಮಹಾ ಅನಿಸಬಹುದು. ಮಗುವಿಗೆ ಜ್ವರ ಬಂದಾಗ ಏರುವುದೂ ಒಂದೆರಡು ಡಿಗ್ರಿಯೇ.

ಪಕ್ಕದ ಕೇರಳದ ಲೆಕ್ಕ ನೋಡಿ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಅಂದರೆ ನೂರು ಬುಟ್ಟಿ ಬರುತ್ತಿದ್ದಲ್ಲಿ ಒಂದು ಬುಟ್ಟಿಯೂ ಇಲ್ಲ. ಇದು ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಲೆಕ್ಕ. 2015ರ ಎಲ್‌ ನಿನೋ ಬಿಸಿ ಒಂದು ಕಾರಣ, ಮರಿಗಳನ್ನೂ ಮೊಟ್ಟೆಯ ಮೀನನ್ನೂ ಬಾಚಿದ್ದು ಇನ್ನೊಂದು ಎನ್ನುತ್ತಾರೆ ವಿಜ್ಞಾನಿಗಳು. 2023ರ ಹೊತ್ತಿಗೆ ಮತ್ತೆ ಲಕ್ಷ ಟನ್ ದಾಟಿತು. ಮೀನು ವಾಪಸ್ ಬಂತು ನಿಜ, ಆ ನಡುವಿನ ವರ್ಷಗಳಲ್ಲಿ ಮಾಡಿದ ಸಾಲದ ಬಡ್ಡಿ ಮಾತ್ರ ಯಾರಿಗೂ ಕಾಯಲಿಲ್ಲ. ಮುಂದೆಯೂ ಹೀಗೇ ಏರಿಳಿತ ಇರುತ್ತದೆ ಅಂತಲೇ ನಾವು ಲೆಕ್ಕ ಹಾಕಬೇಕು. ಅದರ ಮೇಲೆ ಚಂಡಮಾರುತ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದದ್ದು ನೆನಪಿದೆಯಲ್ಲ? ಅರಬ್ಬಿ ಸಮುದ್ರದಲ್ಲಿ 2001ರಿಂದ 2019ರವರೆಗೆ ಬಂದ ಚಂಡಮಾರುತಗಳು ಅದರ ಹಿಂದಿನ ಎರಡು ದಶಕಗಳಿಗಿಂತ ಅರ್ಧದಷ್ಟು ಹೆಚ್ಚು. ಪ್ರತಿ ಸಲವೂ ಬೋಟು ದಡದಲ್ಲಿ, ಬುಟ್ಟಿ ಮನೆಯಲ್ಲಿ.

ಸಾಲದ ಪುಸ್ತಕದಿಂದ ಶುರು ಮಾಡೋಣ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯುವುದಿಲ್ಲ. ಆಗಸ್ಟ್‌ನಲ್ಲೂ ಕಡಲು ಒರಟಾಗಿದ್ದರೆ ಕೈಗೆ ದುಡ್ಡು ಬರುವುದು ತಡ. ಆದರೂ ನಮ್ಮ ಬಹಳ ಸಂಘಗಳಲ್ಲಿ ಹನ್ನೆರಡು ತಿಂಗಳೂ ಒಂದೇ ಕಂತು! 24,000 ರೂಪಾಯಿ ಸಾಲಕ್ಕೆ ತಿಂಗಳಿಗೆ 2,000 ಅಸಲು ಅಂತ ಹಾಕುವ ಬದಲು, ಒಂಬತ್ತು ತಿಂಗಳು 2,400, ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು 800 ಅಂತ ಹಾಕಿ. 21,600 ಮತ್ತು 2,400 ಸೇರಿ ಅದೇ 24,000. ಒಳಸಾಲಕ್ಕೆ ಇದನ್ನು ಸಂಘವೇ ನಿರ್ಣಯ ಮಾಡಬಹುದು. ಬ್ಯಾಂಕ್ ಸಾಲವಾದರೆ ಸಹಿ ಹಾಕುವ ಮೊದಲೇ ಮ್ಯಾನೇಜರರ ಹತ್ತಿರ ಕೇಳಬೇಕು, ಆಮೇಲೆ ಕೇಳಿದರೆ ಆಗುವುದು ಕಷ್ಟ.

ಇದು ಪ್ರತಿ ವರ್ಷದ ಮಾತು. ಮೀನೇ ಇಲ್ಲದ ವರ್ಷಕ್ಕೆ ಬೇರೆ ನಿಧಿ ಬೇಕು. ಇಪ್ಪತ್ತು ಜನ ವಾರಕ್ಕೆ 10 ರೂಪಾಯಿಯಂತೆ ನಲವತ್ತು ವಾರ ಹಾಕಿದರೆ 8,000 ಆಗುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಓಲೆ ಉಳಿಸುವಷ್ಟಿದೆ. ಈ ಹಣ ರೇಶನ್, ಮಕ್ಕಳ ಫೀಸು, ಬಾಕಿ ಕಂತು ಇಷ್ಟಕ್ಕೇ. ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ ಅಂತ ಈಗಲೇ ಬರೆದಿಡಿ. ಬರೆಯದಿದ್ದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಸರ್ಕಾರದ ಕಡೆಯಿಂದ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರರು 1,500 ಕಟ್ಟಿದರೆ 3,000 ಸೇರಿಸಿ 4,500 ರೂಪಾಯಿಯನ್ನು ಮೀನಿಲ್ಲದ ತಿಂಗಳುಗಳಲ್ಲಿ ಕೊಡುವ ಪದ್ಧತಿ ಬಂದಿದೆ. ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್‌ನಲ್ಲಿ 3 ಲಕ್ಷಕ್ಕೆ ಏರಿಸಿದರು. ಈ ವರ್ಷದ ನಿಯಮವನ್ನು ಮೀನುಗಾರಿಕೆ ಇಲಾಖೆಯ ಕಚೇರಿಗೆ ಇಬ್ಬರು ಸದಸ್ಯೆಯರು ಹೋಗಿ ಕೇಳಿ ಬರಲಿ. ಬಡ್ಡಿ ಇಲ್ಲದ ಸಾಲವೂ ಸಾಲವೇ, ಅದನ್ನು ಮರೆಯಬೇಡಿ.

ಮರಿ ಮೀನಿನ ಬುಟ್ಟಿ

ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಹಿಡಿಯಬಾರದು ಅಂತ ಕೇರಳದಲ್ಲಿ 2015ರಲ್ಲೇ ನಿಯಮ ಮಾಡಿದರು. ಅಳತೆಕೋಲು ಬೇಡ, ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದ ಅಂದರೆ 10 ಸೆಂಟಿಮೀಟರ್. ಬಿಸಿಯಿಂದ ಸೊರಗಿದ ಮೀನಿನ ಮರಿಯನ್ನೂ ಎತ್ತಿದರೆ ಮುಂದಿನ ವರ್ಷ ಚೇತರಿಸಿಕೊಳ್ಳಲು ಏನು ಉಳಿಯಿತು?

ಆದರೆ ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ ಲಾರಿಗಟ್ಟಲೆ ಹೋಗುವಾಗ ಬುಟ್ಟಿಯವಳಿಗೆ ಮಾತ್ರ ಬುದ್ಧಿ ಹೇಳುವುದು ನ್ಯಾಯವಲ್ಲ. ಬೆಳಕು ಹಾಕಿ ಹಿಡಿಯುವುದನ್ನೂ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದ್ದರಿಂದ "ನಾವು ಮರಿ ಕೊಳ್ಳುವುದಿಲ್ಲ, ನೀವೂ ಹಿಡಿಯಬೇಡಿ, ಯೋಜನೆ ಮಾಡುವ ಸಭೆಗೆ ನಮ್ಮನ್ನೂ ಕರೆಯಿರಿ" ಅಂತ ನಿರ್ಣಯ ಬರೆದು, ಎಲ್ಲರೂ ಸಹಿ ಹಾಕಿ, ಒಂದು ಪ್ರತಿ ಇಲಾಖೆಗೆ, ಒಂದು ಬೋಟಿನವರ ಸಂಘಕ್ಕೆ ಕೊಡಿ. ಸ್ವೀಕೃತಿ ಸಹಿ ಪಡೆಯಲು ಮರೆಯಬೇಡಿ.

ಮುಂದಿನ ಸಭೆಗೆ ಮಾಡಿಕೊಂಡು ಬರಬೇಕಾದ್ದು: ಕಳೆದ ಮೂರು ವರ್ಷಗಳಲ್ಲಿ ಯಾವ ತಿಂಗಳು ಬೂತಾಯಿ ಬಂತು, ಎಷ್ಟು ದಿನ ಬುಟ್ಟಿ ಖಾಲಿ ಬಂತು, ಯಾವ ತಿಂಗಳು ಕಂತು ತಪ್ಪಿತು, ಇಷ್ಟನ್ನು ನೆನಪು ಮಾಡಿಕೊಂಡು ಬನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ, ಪುಸ್ತಕ ಬರೆಯುವವರು ಹೆಸರಿನ ಎದುರು ಬರೆದುಕೊಳ್ಳಲಿ. ಹೊಸ ಕಂತಿನ ಪಟ್ಟಿಯನ್ನು ಅದನ್ನು ನೋಡಿಯೇ ಮಾಡೋಣ.